ಕನ್ನಡಕ ಹಾಕಿದ ಮಾತ್ರಕ್ಕೆ ಓದು ಬರುವುದಿಲ್ಲ

ಸಂಪಾದಕರಿಗೆ,

ಮಕ್ಕಳಿಗೆ ಓದು ಬಾರದಿರುವುದಕ್ಕೆ ಹಾಳಾದ ಕಣ್ಣುಗಳೇ ಕಾರಣ, ಶಾಲೆಗೆ ಸೇರುವಾಗಲೇ ಎಲ್ಲರಿಗೂ ಕನ್ನಡಕ ಕೊಡಿಸಿಬಿಟ್ಟರೆ ಅರ್ಧ ಸಮಸ್ಯೆ ನೀಗುತ್ತದೆ ಎಂದು ನಿಮ್ಮ ಓದುಗರ ಅಂಕಣದಲ್ಲಿ ಹಿರಿಯರೊಬ್ಬರು ಬರೆದಿದ್ದಾರೆ. ಮೊಮ್ಮಗ ಅಕ್ಷರಗಳನ್ನು ತಿರುವುಮುರುವು ಬರೆಯುತ್ತಾನೆ, ಸಾಲು ತಪ್ಪಿಸುತ್ತಾನೆ, ಈ ಪುಟದಲ್ಲಿ ಓದಿದ ಪದವನ್ನೇ ಮುಂದಿನ ಪುಟದಲ್ಲಿ ತಡವರಿಸುತ್ತಾನೆ ಎಂಬುದು ಅವರ ಅಳಲು. ಅವರ ಕಾಳಜಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕಣ್ಣು ಪರೀಕ್ಷಿಸಿ ಕನ್ನಡಕ ಬರೆದುಕೊಡುವುದೇ ನನ್ನ ಕಸುಬು. ಕನ್ನಡಕದಿಂದ ಆಗದ ಕೆಲಸವನ್ನು ಕನ್ನಡಕದ ತಲೆಗೆ ಕಟ್ಟುವುದನ್ನು ನೋಡಿಕೊಂಡು ಸುಮ್ಮನಿರಲು ನನ್ನಿಂದಾಗದು.

ಪರೀಕ್ಷೆ ಮುಗಿಸಿ "ಕಣ್ಣು ಚೆನ್ನಾಗಿದೆ, ನಂಬರ್ ಏನೂ ಇಲ್ಲ" ಎಂದರೆ ಸಾಮಾನ್ಯವಾಗಿ ಜನ ಖುಷಿಪಡುತ್ತಾರೆ. ಓದು ಹತ್ತದ ಮಗುವನ್ನು ಕರೆತಂದ ತಾಯಿಯ ಮುಖ ಮಾತ್ರ ಆ ಮಾತಿಗೆ ಸಪ್ಪಗಾಗುತ್ತದೆ. "ಇನ್ನೊಮ್ಮೆ ನೋಡಿ ಮೇಡಂ, ಸಣ್ಣ ನಂಬರಾದರೂ ಇದ್ದೇ ಇರಬೇಕು" ಎಂದು ಗೋಗರೆದವರೂ ಇದ್ದಾರೆ. ಅವರ ಸಂಕಟ ನನಗೆ ತಿಳಿಯದ್ದಲ್ಲ. ಕಣ್ಣಿನ ದೋಷವೆಂದಾದರೆ ಅದು ಯಾರ ತಪ್ಪೂ ಅಲ್ಲ. ಚೌಕಟ್ಟು ಆರಿಸಿಕೊಂಡು ಮನೆಗೆ ಹೋಗಬಹುದು. ಕಣ್ಣು ಸರಿಯಿದೆ ಎಂದಾಕ್ಷಣ ಮಗು ಸೋಮಾರಿ, ಇಲ್ಲವೇ ದಡ್ಡ ಎಂಬ ತೀರ್ಪು ಮಾತ್ರ ಉಳಿಯುತ್ತದೆ ಎಂದು ಅವರ ಲೆಕ್ಕ. ಎತ್ತರದ ಕುರ್ಚಿಯಲ್ಲಿ ಕಾಲಾಡಿಸುತ್ತ ಕುಳಿತ ಮಗು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿರುತ್ತದೆ. ಕಣ್ಣೂ ಅಲ್ಲದ, ಸೋಮಾರಿತನವೂ ಅಲ್ಲದ ಇನ್ನೊಂದು ಕಾರಣವಿದೆ. ಓದುವುದು ಮಿದುಳಿಗೆ ಹುಟ್ಟಿನಿಂದ ಬಂದ ವಿದ್ಯೆಯಲ್ಲ. ಪ್ರತಿ ಮಗುವಿನ ಮಿದುಳೂ ಅದಕ್ಕೆ ಬೇಕಾದ ದಾರಿಯನ್ನು ಹೊಸದಾಗಿ ಮಾಡಿಕೊಳ್ಳಬೇಕು, ಮತ್ತು ಆ ದಾರಿ ಯಾರೂ ಕಲಿಸದೆ ತಾನಾಗಿ ಆಗುವುದು ಅಪರೂಪ.

ಮೊದಲು ಕಣ್ಣಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡುತ್ತೇನೆ. ಆರು ಮೀಟರ್ ದೂರದಲ್ಲಿ ಚಾರ್ಟ್ ತೂಗುಹಾಕಿ ನಡೆಸುವ ಶಾಲಾ ತಪಾಸಣೆಯಲ್ಲಿ ಸಮೀಪದೃಷ್ಟಿಯ ಮಕ್ಕಳು, ಅಂದರೆ ದೂರದ್ದು ಕಾಣದವರು, ಸಿಕ್ಕಿಬೀಳುತ್ತಾರೆ. ದೂರದೃಷ್ಟಿಯ ಮಗು ಆ ಚಾರ್ಟನ್ನು ಕೊನೆಯ ಸಾಲಿನವರೆಗೂ ಹೇಳಿ ಪಾಸಾಗಿಬಿಡಬಹುದು. ಎಳೆಯ ಕಣ್ಣಿನ ಮಸೂರಕ್ಕೆ ಅಷ್ಟು ಬಾಗುವ ಶಕ್ತಿಯಿರುತ್ತದೆ. ಅದೇ ಮಗು ಅರ್ಧ ಗಂಟೆ ಪುಸ್ತಕ ಹಿಡಿದರೆ ಹಣೆ ಉಜ್ಜಿಕೊಳ್ಳುತ್ತದೆ. ಹತ್ತಿರದ ಅಕ್ಷರದ ಮೇಲೆ ಎರಡೂ ಕಣ್ಣುಗಳು ಒಟ್ಟಿಗೆ ನಿಲ್ಲದ ತೊಂದರೆಯೂ ಕೆಲವರಿಗೆ ಇರುತ್ತದೆ. ಆದ್ದರಿಂದ ಕಣ್ಣು ತೋರಿಸುವುದು ಬೇಡವೆಂದು ನಾನು ಹೇಳುತ್ತಿಲ್ಲ. ತೋರಿಸಿ, ಹತ್ತಿರದ ನೋಟವನ್ನೂ ಪರೀಕ್ಷಿಸಿ ಎಂದು ಕೇಳಿ. ಇಂತಹ ದೋಷಗಳು ಓದುವವರನ್ನು ದಣಿಸುತ್ತವೆ, ಸರಿ. ಆದರೆ ಯಾವ ಅಕ್ಷರಕ್ಕೆ ಯಾವ ಸದ್ದು ಎಂಬುದು ತಲೆಗೆ ಹತ್ತದಿರುವುದಕ್ಕೆ ಅವು ಕಾರಣವಲ್ಲ. ಅಮೆರಿಕದ ಮಕ್ಕಳ ವೈದ್ಯರ ಹಾಗೂ ನೇತ್ರವೈದ್ಯರ ಅಕಾಡೆಮಿಗಳು ಜೊತೆಗೂಡಿ 2009ರಲ್ಲಿ ಇದನ್ನೇ ಸ್ಪಷ್ಟವಾಗಿ ಹೇಳಿದವು. ಡಿಸ್ಲೆಕ್ಸಿಯಾಕ್ಕೆ, ಅಂದರೆ ಕ್ರಮವಾಗಿ ಕಲಿಸಿದರೂ ಓದು ಹತ್ತದ ತೊಂದರೆಗೆ, ಕಣ್ಣಿನ ದೋಷ ಮೂಲವಲ್ಲ. ಕಣ್ಣಿನ ವ್ಯಾಯಾಮ, ಬಣ್ಣದ ಗಾಜು ಇವುಗಳಿಂದ ಅದು ಗುಣವಾಗುತ್ತದೆ ಎನ್ನಲು ತಕ್ಕ ಪುರಾವೆಯಿಲ್ಲ ಎಂದವು. ಬಣ್ಣದ ಗಾಜು ಮಾರುವವರಿಗೆ ನನ್ನ ಪತ್ರ ಹಿಡಿಸಲಾರದು. ಹಿಡಿಸಬೇಕೆಂದು ನಾನು ಬರೆಯುತ್ತಲೂ ಇಲ್ಲ.

ಇನ್ನು ಆ ತಿರುವುಮುರುವಿನ ವಿಚಾರ. ಅಕ್ಷರ ಬಾರದ ಮಕ್ಕಳ ದೃಷ್ಟಿ ಅಳೆಯಲು ಇಂಗ್ಲಿಷಿನ ದೊಡ್ಡ 'ಇ' ಅಕ್ಷರವನ್ನು ನಾಲ್ಕು ದಿಕ್ಕಿಗೂ ತಿರುಗಿಸಿ ಅಚ್ಚು ಹಾಕಿದ ಚಾರ್ಟ್ ಒಂದಿದೆ. ಅದರ ಮೂರು ಕಾಲುಗಳು ಎತ್ತ ಚಾಚಿವೆಯೋ ಅತ್ತ ಮಗು ಮೂರು ಬೆರಳು ಚಾಚಿ ತೋರಿಸಬೇಕು. ಐದಾರು ವರ್ಷದವರನ್ನು ಗಮನಿಸಿ ನೋಡಿ: ಮೇಲೆ, ಕೆಳಗೆ ಎನ್ನುವುದರಲ್ಲಿ ತಪ್ಪುವುದು ಕಡಿಮೆ. ಎಡವೋ ಬಲವೋ ಎಂದಾಗ ಬೆರಳು ಗಾಳಿಯಲ್ಲಿ ಒಮ್ಮೆ ಹೊಯ್ದಾಡಿ ಯಾವುದೋ ಒಂದು ಕಡೆ ನಿಲ್ಲುತ್ತದೆ. ಅದೂ ಅಂಗೈಯಗಲದ ಅಕ್ಷರಕ್ಕೆ! ಅಕ್ಷರ ಚಿಕ್ಕದಾದಂತೆ ತಪ್ಪು ಹೆಚ್ಚಿದರೆ ಅದು ಕಣ್ಣಿಗೆ ಸೇರಿದ್ದು. ದೊಡ್ಡ ಅಕ್ಷರದಲ್ಲೂ ಎಡಬಲವೇ ತಪ್ಪುತ್ತಿದ್ದರೆ ಕಣ್ಣನ್ನು ದೂರಿ ಪ್ರಯೋಜನವಿಲ್ಲ. ನಮ್ಮ ಕಸುಬಿನವರಿಗೆ ಇದು ಎಷ್ಟು ಚೆನ್ನಾಗಿ ಗೊತ್ತೆಂದರೆ, ಎಚ್, ಓ, ಟಿ, ವಿ ಎಂಬ ನಾಲ್ಕೇ ಅಕ್ಷರಗಳ ಬೇರೊಂದು ಚಾರ್ಟನ್ನೇ ಬಳಸುತ್ತೇವೆ. ಈ ನಾಲ್ಕೂ ಕನ್ನಡಿಯಲ್ಲಿ ಹಿಡಿದರೂ ಹಾಗೆಯೇ ಕಾಣುತ್ತವೆ. ಫಿನ್‌ಲೆಂಡಿನ ನೇತ್ರವೈದ್ಯೆ ಲೀಯಾ ಹ್ಯುವಾರಿನೆನ್ 1976ರಲ್ಲಿ ಪುಟ್ಟ ಮಕ್ಕಳಿಗೆಂದು ರೂಪಿಸಿದ ಸೇಬು, ಮನೆ, ವೃತ್ತ, ಚೌಕದ ಚಿತ್ರಗಳಲ್ಲೂ ಎಡಬಲದ ಗೊಂದಲವಿಲ್ಲ.

ಮಕ್ಕಳು ಹೀಗೆ ಎಡವುವುದಕ್ಕೆ ಕಾರಣ ಸೊಗಸಾಗಿದೆ. ಎಡಕ್ಕೆ ಮುಖ ಮಾಡಿದ ಹಸು ಬಲಕ್ಕೆ ತಿರುಗಿದರೂ ಹಸುವೇ. ಅಮ್ಮನ ಮುಖವನ್ನು ಯಾವ ಮಗ್ಗುಲಿನಿಂದ ನೋಡಿದರೂ ಅಮ್ಮನೇ. ಬದುಕಲು ಬೇಕಾದ ಈ ಜಾಣ್ಮೆಯನ್ನು ನಮ್ಮ ನೋಟದ ವ್ಯವಸ್ಥೆ ಮೊದಲಿನಿಂದಲೂ ಉಳಿಸಿಕೊಂಡು ಬಂದಿದೆ. ಹೀಗಿರುವಾಗ ಆರನೆಯ ವಯಸ್ಸಿನಲ್ಲಿ ಒಬ್ಬರು ಬಂದು, ಹೊಟ್ಟೆ ಬಲಕ್ಕಿದ್ದರೆ 'ಬಿ', ಅದೇ ಹೊಟ್ಟೆ ಎಡಕ್ಕೆ ಹೊರಳಿದರೆ 'ಡಿ' ಎನ್ನುತ್ತಾರೆ. ಮಗ್ಗುಲು ಬದಲಾಯಿಸಿದ ಮಾತ್ರಕ್ಕೆ ಹೆಸರನ್ನೂ ಬದಲಾಯಿಸಿಕೊಳ್ಳುವ ವಸ್ತುವನ್ನು ಮಗು ಅಲ್ಲಿಯವರೆಗೆ ಕಂಡೇ ಇರುವುದಿಲ್ಲ. ಇಷ್ಟು ದಿನ ಸರಿಯಾಗಿದ್ದ ನಿಯಮವನ್ನು ಮಿದುಳು ಅಕ್ಷರಗಳ ಮಟ್ಟಿಗೆ ಕೈಬಿಡಬೇಕು. ಅದಕ್ಕೆ ಕಾಲ ಬೇಕು. ಕಲಿಕೆಯ ಮೊದಲ ಒಂದೆರಡು ವರ್ಷ ಅಕ್ಷರ ತಿರುಗಿಸಿ ಬರೆಯುವುದು ರೋಗವಲ್ಲ, ಅಷ್ಟರಿಂದಲೇ ಡಿಸ್ಲೆಕ್ಸಿಯಾ ಎಂದು ಮುದ್ರೆ ಒತ್ತುವಂತೆಯೂ ಇಲ್ಲ. ಕನ್ನಡದಲ್ಲಿ ಇಂತಹ ಕನ್ನಡಿ ಜೋಡಿಗಳ ಕಾಟ ಕಡಿಮೆ. ನಮ್ಮ ಮಕ್ಕಳ ಕಷ್ಟವೇ ಬೇರೆ: ಪಕಾರದ ಹೊಟ್ಟೆ ಸೀಳಿದರೆ ಷಕಾರ, ದಕಾರದ ಕೆಳಗೊಂದು ಚಿಕ್ಕ ಗೆರೆ ಎಳೆದರೆ ಧಕಾರ. ಬೇರೆಲ್ಲ ಕಡೆ ಲೆಕ್ಕಕ್ಕೇ ಇಲ್ಲದಷ್ಟು ಸಣ್ಣ ಗೆರೆ ಇಲ್ಲಿ ಪದವನ್ನೇ ಬದಲಾಯಿಸುತ್ತದೆ.

ಮನುಷ್ಯ ಬರೆಯಲು ತೊಡಗಿ ಸುಮಾರು 5,000 ವರ್ಷವಾಗಿದೆ. ಮಾತಿಗೆ ಹೋಲಿಸಿದರೆ ಇದು ನಿನ್ನೆ ಮೊನ್ನೆಯ ಮಾತು. ಓದಿಗೆಂದೇ ಒಂದು ಅಂಗ ಬೆಳೆಯಲು ಸಾಲುವ ಕಾಲವಲ್ಲ. ಹಾಗಾದರೆ ಓದು ಎಲ್ಲಿ ನಡೆಯುತ್ತದೆ? ಎಡ ಮಿದುಳಿನ ಹಿಂಭಾಗದ ತಳದಲ್ಲಿ, ಮುಖ, ವಸ್ತು, ಆಕಾರಗಳನ್ನು ಗುರುತಿಸುವ ಪ್ರದೇಶದ ನಡುವೆ ಒಂದು ಚಿಕ್ಕ ತಾಣವಿದೆ. ಓದು ಕಲಿತವರಲ್ಲಿ ಅದು ಬರೆದ ಪದಗಳಿಗೆ ವಿಶೇಷವಾಗಿ ಸ್ಪಂದಿಸುತ್ತದೆ. ಎಡದಿಂದ ಬಲಕ್ಕೆ ಓದುವವರಾಗಲಿ, ಬಲದಿಂದ ಎಡಕ್ಕೆ ಓದುವವರಾಗಲಿ, ತಾಣ ಹೆಚ್ಚುಕಡಿಮೆ ಅದೇ. ಫ್ರಾನ್ಸಿನ ನರವಿಜ್ಞಾನಿಗಳಾದ ಸ್ಟಾನಿಸ್ಲಾಸ್ ಡಿಹೇನ್ ಮತ್ತು ಲೋರಾಂ ಕೊಹೆನ್ ಇದನ್ನು ಹಳೆಯ ನರಜಾಲದ ಮರುಬಳಕೆ ಎಂದು ವಿವರಿಸುತ್ತಾರೆ. ಬೇರೆ ಕೆಲಸಕ್ಕೆ ಕಟ್ಟಿದ್ದ ಕೋಣೆಯನ್ನೇ ಓದುವ ಕೋಣೆ ಮಾಡಿಕೊಂಡ ಹಾಗೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಶಾಲೆಗೆ ಸೇರಿದ ಆರು ವರ್ಷದ 10 ಮಕ್ಕಳ ಮಿದುಳನ್ನು ಸುಮಾರು ಎರಡೆರಡು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ ನೋಡಿದರು. ಅಕ್ಷರ ಕಲಿಯಲು ತೊಡಗಿದ ಕೆಲವೇ ತಿಂಗಳಲ್ಲಿ ಆ ತಾಣ ಪದಗಳಿಗೆ ಓಗೊಡತೊಡಗಿತು. ಮುಖ ಗುರುತಿಸುವ ಭಾಗಗಳು ತಮ್ಮ ಜಾಗ ಬಿಟ್ಟುಕೊಡಲಿಲ್ಲ. ಎಳೆಯರಿಗಷ್ಟೇ ಇದು ಸಾಧ್ಯವೆಂದೂ ಅಲ್ಲ. ಉತ್ತರ ಭಾರತದ ಹಳ್ಳಿಗಳಲ್ಲಿ ಓದು ಬಾರದ ವಯಸ್ಕರಿಗೆ ಆರು ತಿಂಗಳು ದೇವನಾಗರಿ ಕಲಿಸಿ ಮಿದುಳಿನ ಬದಲಾವಣೆಯನ್ನು ದಾಖಲಿಸಿದ ಅಧ್ಯಯನ 2017ರಲ್ಲೇ ಬಂದಿದೆ.

ಕಣ್ಣಿಗೂ ಈ ತಾಣಕ್ಕೂ ಇರುವ ವ್ಯತ್ಯಾಸ ಮೊದಲು ಗೊತ್ತಾದ ಪ್ರಸಂಗಗಳಲ್ಲಿ ಒಂದಕ್ಕೆ ನಮ್ಮ ಕಸುಬಿನ ಹಿರಿಯರೊಬ್ಬರೇ ಸಾಕ್ಷಿ ಎಂಬುದು ನನಗೊಂದು ಹೆಮ್ಮೆ. ಪ್ಯಾರಿಸ್ಸಿನಲ್ಲಿ 1887ರಲ್ಲಿ, ವ್ಯಾಪಾರದಿಂದ ನಿವೃತ್ತರಾಗಿದ್ದ ಒಬ್ಬರಿಗೆ ಇದ್ದಕ್ಕಿದ್ದಂತೆ ಓದಲಾಗದೆ ಹೋಯಿತು. ಕನ್ನಡಕ ಬದಲಾಯಿಸಿದರೆ ಸರಿಹೋದೀತು ಎಂದುಕೊಂಡು ಅವರು ಹೋದದ್ದು ಎಡ್ಮಂಡ್ ಲ್ಯಾಂಡೋಲ್ಟ್ ಎಂಬ ನೇತ್ರವೈದ್ಯರ ಬಳಿಗೆ. ಬಾಯಿ ತೆರೆದ ಉಂಗುರದ ಚಾರ್ಟನ್ನು ನೀವು ಎಲ್ಲಾದರೂ ನೋಡಿದ್ದರೆ, ಅದು ಇದೇ ಲ್ಯಾಂಡೋಲ್ಟ್ ಅವರ ಕೊಡುಗೆ. ರೋಗಿಯ ಮಾತು ನೆಟ್ಟಗಿತ್ತು, ಅಂಕಿಗಳನ್ನು ಗುರುತಿಸುತ್ತಿದ್ದರು, ಹೇಳಿದ್ದನ್ನು ಬರೆಯುತ್ತಲೂ ಇದ್ದರು. ಆದರೆ ತಾವೇ ಬರೆದದ್ದನ್ನು ಮರುಕ್ಷಣ ಓದಲು ಆಗುತ್ತಿರಲಿಲ್ಲ. ಅಕ್ಷರಗಳು ಕಾಣುತ್ತಿರಲಿಲ್ಲವೆಂದಲ್ಲ: 'ಎ' ಚಿತ್ರಕಾರರ ಮುಕ್ಕಾಲಿಯಂತಿದೆ, 'ಝಡ್' ಹಾವಿನಂತಿದೆ ಎಂದು ಆಕಾರವನ್ನು ವರ್ಣಿಸುತ್ತಿದ್ದರು. ಬೆರಳಿನಿಂದ ಅಕ್ಷರವನ್ನು ತಿದ್ದಿದರೆ ಮಾತ್ರ ಅದು ಯಾವುದೆಂದು ಹೊಳೆಯುತ್ತಿತ್ತು. ದೋಷ ಕಣ್ಣಿನದಲ್ಲವೆಂದು ಕಂಡುಕೊಂಡ ಲ್ಯಾಂಡೋಲ್ಟ್ ಆ ರೋಗಿಯನ್ನು ನರವೈದ್ಯ ಡೆಜೆರಿನ್ ಅವರಲ್ಲಿಗೆ ಕಳುಹಿಸಿದರು. ಆ ವ್ಯಕ್ತಿ 1892ರಲ್ಲಿ ತೀರಿಕೊಂಡ ಮೇಲೆ ನೋಡಿದಾಗ ಎಡ ಮಿದುಳಿನ ಹಿಂಭಾಗ ಹಾನಿಗೊಂಡಿದ್ದು ಕಂಡಿತು. ಈ ಕಥೆಯ ಒಂದು ವಿವರ ಪತ್ರಿಕೆಯವರಾದ ನಿಮಗೆ ರುಚಿಸಬಹುದು. ಅವರು ಸಾಮಾನ್ಯವಾಗಿ ಓದುತ್ತಿದ್ದ ಪತ್ರಿಕೆಯನ್ನು ಕೈಗೆ ಕೊಟ್ಟಾಗ ಅದರ ಹೆಸರನ್ನು ಸರಿಯಾಗಿಯೇ ಹೇಳಿದರು, ಅದರ ರೂಪ ನೋಡಿ! ಶೀರ್ಷಿಕೆಯ ಒಂದಕ್ಷರವನ್ನೂ ಅವರು ಓದಲಾರದವರಾಗಿದ್ದರು.

ರೂಪ ನೋಡಿ ಹೇಳುವುದು ಬೇರೆ, ಓದುವುದು ಬೇರೆ. ಮನೆಯಲ್ಲಿ ಗಡಗಡನೆ ಓದುವ ಮಗ ಶಾಲೆಯಲ್ಲಿ ಬಾಯಿ ಬಿಡುವುದಿಲ್ಲ ಎಂದು ಒಬ್ಬ ತಾಯಿ ಎರಡನೇ ತರಗತಿಯ ಹುಡುಗನನ್ನು ಕರೆತಂದಿದ್ದರು. ಕಣ್ಣು ಸರಿಯಿತ್ತು. "ಪುಟ್ಟ, ಒಂದು ಪುಟ ಓದು ನೋಡೋಣ" ಎಂದೆ. ಕೈಯಲ್ಲಿದ್ದ ಕಥೆಯ ಪುಸ್ತಕ ತೆರೆದು "ಕರು ಅಮ್ಮನ ಹತ್ತಿರ ಓಡಿತು" ಎಂದ. ತಾಯಿ ತಲೆದೂಗಿದರು. ಪುಟದಲ್ಲಿ ಇದ್ದದ್ದು "ಮರಿ ತಾಯಿಯ ಬಳಿ ಓಡಿತು" ಎಂದು. ಮೇಲೆ ಕರುವಿನ ಚಿತ್ರವಿತ್ತು. ಪರೀಕ್ಷೆಯ ಹೊತ್ತಿನಲ್ಲಿ ಒಂದು ಕಣ್ಣು ಮುಚ್ಚಲು ಬಳಸುವ ಕಪ್ಪು ಚಮಚವನ್ನು ಆ ಚಿತ್ರದ ಮೇಲಿಟ್ಟೆ. ಹುಡುಗ ನನ್ನನ್ನು ನೋಡಿದ, ತಾಯಿಯನ್ನು ನೋಡಿದ. ಆಮೇಲೆ ಬೆರಳಿಟ್ಟು "ಮ... ರಿ" ಎಂದ. ಅವನ ಅಂದಿನ ಓದು ಶುರುವಾದದ್ದು ಅಲ್ಲಿ. ಬಳಿಕ ಕಾಗದದ ಮೇಲೆ 'ಡಿಗೂಮ', 'ಲಪೋಣಿ' ಎಂದು ಬರೆದುಕೊಟ್ಟೆ. ಅವನಿಗೆ ನಗು ತಡೆಯಲಾಗಲಿಲ್ಲ. 'ಡಿಗೂಮ'ವನ್ನು ಕಷ್ಟಪಟ್ಟು ಹೇಳಿದ, 'ಲಪೋಣಿ'ಯಲ್ಲಿ 'ಪೋ' ಬಳಿ ನಿಂತುಬಿಟ್ಟ. ಅರ್ಥವಿಲ್ಲದ ಪದವನ್ನು ಊಹಿಸಲು ಆಗುವುದಿಲ್ಲ, ಬಾಯಿಪಾಠವೂ ಆಗಿರುವುದಿಲ್ಲ. ಯಾವ ಅಕ್ಷರ ಗಟ್ಟಿಯಾಗಿದೆ, ಯಾವುದು ಇಲ್ಲ ಎಂಬುದನ್ನು ಅದು ಚಾಡಿ ಹೇಳಿದಂತೆ ಹೇಳಿಬಿಡುತ್ತದೆ. ಅವನಿಗೆ ತಪ್ಪಿದ್ದು ಕಾಗುಣಿತ. ಅದನ್ನು ಮನೆಯಲ್ಲಿ ಯಾರೂ ಗಮನಿಸದಂತೆ ತನ್ನ ಚುರುಕುಬುದ್ಧಿಯಿಂದ ಮುಚ್ಚಿಟ್ಟುಕೊಂಡಿದ್ದ. ಚಿತ್ರ ನೋಡಿ ಊಹಿಸು, ಮೊದಲ ಅಕ್ಷರ ನೋಡಿ ಊಹಿಸು ಎಂದು ಮಕ್ಕಳನ್ನು ಹುರಿದುಂಬಿಸುವ ಹಿರಿಯರು ಇದನ್ನು ಯೋಚಿಸಬೇಕು.

ಅಕ್ಷರದ ಆಕಾರ ಕಂಡರೆ ಸಾಲದು, ಅದು ಸದ್ದಿನ ಜೊತೆ ಬೆಸೆಯಬೇಕು. ಪದದೊಳಗಿನ ಬಿಡಿ ಸದ್ದುಗಳ ಅರಿವು ಓದು ಕಲಿಯದೆ ತಾನಾಗಿ ಬರುವುದು ಕಷ್ಟ. ಪೋರ್ಚುಗಲ್‌ನಲ್ಲಿ ಅನಕ್ಷರಸ್ಥ ವಯಸ್ಕರಿಗೆ ಪದದ ಮೊದಲ ಸದ್ದನ್ನು ತೆಗೆದುಹಾಕಿ ಉಳಿದದ್ದನ್ನು ಹೇಳಲು ಕೇಳಿದಾಗ ಅವರು ಬಹುವಾಗಿ ಸೋತರು ಎಂದು 1979ರ ಅಧ್ಯಯನವೊಂದು ತೋರಿಸಿತು. ದೊಡ್ಡವರಾದ ಮೇಲೆ ಓದು ಕಲಿತ ಅಂಥವರೇ ಆದ ಜನರಿಗೆ ಅದು ಸಾಧ್ಯವಾಯಿತು. ಕನ್ನಡದ ಅಕ್ಷರ ಒಂದಿಡೀ ಉಲಿಯನ್ನು ಹಿಡಿದಿಡುತ್ತದೆ. 'ಕಿ' ಎಂದರೆ ಮಗುವಿಗೆ ಒಂದೇ ಸದ್ದು, ಅದರೊಳಗೆ ಕ್ ಮತ್ತು ಇ ಇವೆ ಎಂಬುದು ನಿಧಾನಕ್ಕೆ ತಿಳಿಯುತ್ತದೆ. ಆಮೇಲೆ ಈ ರಾಶಿಯನ್ನು ನೋಡಿ. ವರ್ಣಮಾಲೆಯಲ್ಲಿ 49 ಅಕ್ಷರ ಎನ್ನುತ್ತೇವೆ. 34 ವ್ಯಂಜನಗಳಿಗೂ ಕಾಗುಣಿತ ಬರೆದರೆ 400ರ ಗಡಿ ದಾಟುತ್ತದೆ, ಒತ್ತಕ್ಷರಗಳು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಕನ್ನಡ ಓದು ಕಲಿಯುವ ಮಕ್ಕಳ ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದ ತಿರುಳೂ ಇದೇ: ಈ ಅಕ್ಷರಗಳೆಲ್ಲ ಕೈವಶವಾಗುವ ಕೆಲಸ ಮೊದಲ ತರಗತಿಗೆ ಮುಗಿಯದೆ ಮುಂದಿನ ತರಗತಿಗಳಿಗೂ ಹರಡಿಕೊಳ್ಳುತ್ತದೆ. ಎರಡನೇ ತರಗತಿಯ ಮಗು 'ಸ್ತ್ರೀ' ಎಂಬಲ್ಲಿ ನಿಂತರೆ ಹಿರಿಯರು ಹಣೆ ಚಚ್ಚಿಕೊಳ್ಳಬೇಕಿಲ್ಲ. ಇಂಗ್ಲಿಷಿನದು ಬೇರೆ ಗೋಳು. ಯುರೋಪಿನ ಹಲವು ಭಾಷೆಗಳ ಮಕ್ಕಳನ್ನು ಹೋಲಿಸಿದ 2003ರ ಅಧ್ಯಯನದಲ್ಲಿ ಒಂದನೇ ತರಗತಿ ಮುಗಿಯುವ ಹೊತ್ತಿಗೆ ಫಿನ್ನಿಷ್, ಜರ್ಮನ್ ಮಕ್ಕಳು ಪರಿಚಿತ ಪದಗಳನ್ನು ಬಹುತೇಕ ತಪ್ಪಿಲ್ಲದೆ ಓದಿದರೆ, ಇಂಗ್ಲಿಷ್ ಓದುವ ಮಕ್ಕಳು ಸರಿಯಾಗಿ ಓದಿದ್ದು ನೂರಕ್ಕೆ 34ರಷ್ಟನ್ನು. ಅಲ್ಲಿನ ಮಕ್ಕಳು ದಡ್ಡರಲ್ಲ, ಇಂಗ್ಲಿಷ್ ಸ್ಪೆಲ್ಲಿಂಗಿನ ಗೊಂದಲ ಅಂಥದ್ದು. ಒಂದೇ ಮಗು ಎರಡು ಭಾಷೆಗಳಲ್ಲಿ ಎರಡು ವೇಗದಲ್ಲಿ ಓದಿದರೆ ಅಚ್ಚರಿಪಡಬೇಡಿ.

ಸಾಲು ತಪ್ಪುವುದರ ಬಗ್ಗೆ ಒಂದು ಮಾತು. ಓದುವಾಗ ಕಣ್ಣು ಸಾಲಿನ ಮೇಲೆ ಸರಾಗವಾಗಿ ಜಾರುವುದಿಲ್ಲ. ನೆಗೆದು ನಿಂತು, ನೆಗೆದು ನಿಂತು ಸಾಗುತ್ತದೆ. ಪಳಗಿದವರ ಕಣ್ಣು ಒಂದೊಂದು ನಿಲುಗಡೆಯಲ್ಲಿ ಸುಮಾರು ಕಾಲು ಸೆಕೆಂಡು ನಿಲ್ಲುತ್ತದೆ. ಕಲಿಯುವ ಮಗುವಿನ ಕಣ್ಣು ಹೆಚ್ಚು ಹೊತ್ತು, ಹೆಚ್ಚು ಕಡೆ ನಿಲ್ಲುತ್ತದೆ, ಆಗಾಗ ಹಿಂದಕ್ಕೂ ಬರುತ್ತದೆ. ಅದನ್ನು ಕಂಡು ಕಣ್ಣೇ ಅಂಕೆಯಲ್ಲಿಲ್ಲ ಎಂದುಕೊಳ್ಳುತ್ತಾರೆ. ಅಕ್ಷರ ಬಿಡಿಸುವುದು ಕಷ್ಟವಾಗಿರುವುದರಿಂದಲೇ ಕಣ್ಣು ಹಾಗೆ ತಡಕಾಡುತ್ತದೆ. ಆಗತಾನೇ ಕಲಿತ ಲಿಪಿಯೊಂದರ ಪುಟವನ್ನು ಕೈಗೆ ಕೊಟ್ಟರೆ ನಿಮ್ಮ ಕಣ್ಣೂ ನನ್ನ ಕಣ್ಣೂ ಹೀಗೆಯೇ ವರ್ತಿಸುತ್ತವೆ. ಸಾಲಿನ ಕೆಳಗೆ ಬೆರಳೋ ಪಟ್ಟಿಯೋ ಇಟ್ಟುಕೊಳ್ಳಲಿ ಬಿಡಿ, ಅದರಲ್ಲಿ ಅವಮಾನವೇನು?

ಬರೆಸುವುದನ್ನು ಬಿಡಬೇಡಿ ಎಂದೂ ಹೇಳುತ್ತೇನೆ. ಓದು ಬಾರದ ಐದು ವರ್ಷದ ಮಕ್ಕಳಿಗೆ ಅಕ್ಷರಗಳನ್ನು ಕೈಯಾರೆ ಬರೆಸಿ, ಚುಕ್ಕಿಗೆರೆಯ ಮೇಲೆ ತಿದ್ದಿಸಿ, ಕೀಲಿಮಣೆಯಲ್ಲಿ ಒತ್ತಿಸಿ ಹೋಲಿಸಿದ 2012ರ ಪ್ರಯೋಗವೊಂದಿದೆ. ಆಮೇಲೆ ಅದೇ ಅಕ್ಷರಗಳನ್ನು ನೋಡಿದಾಗ ಓದಿಗೆ ಸಂಬಂಧಿಸಿದ ಮಿದುಳಿನ ಭಾಗಗಳು ಹೆಚ್ಚು ಚುರುಕಾದದ್ದು ಕೈಯಾರೆ ಬರೆದಿದ್ದವುಗಳಿಗೆ. ಮಗುವಿನ ವಕ್ರ ಅಕ್ಷರ ಚಂದವಿರಬೇಕಿಲ್ಲ.

ಇಷ್ಟೆಲ್ಲ ಕ್ರಮವಾಗಿ ಕಲಿಸಿದ ಮೇಲೂ ಓದು ಹತ್ತದ ಮಕ್ಕಳಿದ್ದಾರೆ. ಡಿಸ್ಲೆಕ್ಸಿಯಾ ಎನ್ನುವುದು ಅವರ ಸ್ಥಿತಿಗೆ. ಅದು ಎಲ್ಲ ಲಿಪಿಗಳಲ್ಲೂ ಇದೆ, ಮನೆತನಗಳಲ್ಲಿ ಹರಿದುಬರುತ್ತದೆ, ಬುದ್ಧಿಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ಹೆಚ್ಚಿನವರಲ್ಲಿ ತೊಡಕಿರುವುದು ಮಾತಿನ ಸದ್ದುಗಳನ್ನು ಬಿಡಿಸಿಕೊಳ್ಳುವಲ್ಲಿ. ಅವರನ್ನು ಕಾಣಬೇಕಾದವರು ಮಾತು ಮತ್ತು ಭಾಷೆಯ ತಜ್ಞರು, ವಿಶೇಷ ಶಿಕ್ಷಕರು. "ದೊಡ್ಡವನಾದ ಮೇಲೆ ಸರಿಹೋಗುತ್ತದೆ" ಎಂದು ಕಾಯುತ್ತ ಕೂತರೆ ಸರಿಹೋಗುವುದಿಲ್ಲ. ನನ್ನಲ್ಲಿಗೆ ಬಂದು ನಂಬರಿಲ್ಲವೆಂದು ಕೇಳಿ ಬೇಸರದಿಂದ ಮನೆಗೆ ಹೋದವರು ಅಲ್ಲಿಗೆ ಹೋಗಿದ್ದರೆ ಎಂದು ಎಷ್ಟೋ ಸಲ ಅನಿಸಿದೆ.

ಕೊನೆಯದಾಗಿ ನಿಮ್ಮಲ್ಲೇ ಒಂದು ಕೋರಿಕೆ. ಅಕ್ಷರಗಳ ನಡುವೆ ಹೆಚ್ಚು ಜಾಗ ಬಿಟ್ಟು ಅಚ್ಚು ಹಾಕಿದಾಗ ಡಿಸ್ಲೆಕ್ಸಿಯಾ ಇರುವ ಇಟಲಿ ಮತ್ತು ಫ್ರಾನ್ಸಿನ ಮಕ್ಕಳು ಯಾವ ತರಬೇತಿಯೂ ಇಲ್ಲದೆ ಹೆಚ್ಚು ಸರಿಯಾಗಿ, ಹೆಚ್ಚು ಬೇಗ ಓದಿದರೆಂದು 2012ರಲ್ಲಿ ವರದಿಯಾಗಿದೆ. ಅಕ್ಕಪಕ್ಕದ ಗೆರೆಗಳ ನೂಕುನುಗ್ಗಲು ಎಳೆಯರನ್ನು ದೊಡ್ಡವರಿಗಿಂತ ಹೆಚ್ಚು ಕಾಡುತ್ತದೆ. ನಿಮ್ಮ ಮಕ್ಕಳ ಪುಟದಲ್ಲಿ ಕಥೆಯನ್ನು ಬಣ್ಣದ ಚಿತ್ರದ ಮೇಲೆಯೇ ಬಿಳಿ ಅಕ್ಷರದಲ್ಲಿ ಹಾಕುತ್ತೀರಿ. ಸಾಲುಗಳು ಎಷ್ಟು ಒತ್ತೊತ್ತಾಗಿವೆ ಎಂದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಕಳೆದ ಸಂಚಿಕೆಯಲ್ಲಿ 'ಪುಸ್ತಕ'ದ ತಾವತ್ತು ಕೆಳಗಿನ ಪದದ ಮೇಲೆಯೇ ಬಂದು ಕೂತಿತ್ತು. ಅದನ್ನು ಬಿಡಿಸಿ ಓದಲು ನಾನೇ ಕನ್ನಡಕ ಸರಿಪಡಿಸಿಕೊಂಡೆ. ಬೇಕಾದರೆ ಒಂದು ಕಥೆ ಕಡಿಮೆ ಹಾಕಿ, ಸಾಲುಗಳ ನಡುವೆ ಇನ್ನಷ್ಟು ಜಾಗ ಕೊಡಿ. ಚಿತ್ರ ಪಕ್ಕದಲ್ಲಿರಲಿ, ಅಕ್ಷರ ಬಿಳಿಯ ಮೇಲೆ ಕಪ್ಪಾಗಿರಲಿ.

ಇತಿ,
ಓರ್ವ ದೃಷ್ಟಿ ಪರೀಕ್ಷಕಿ